ಚೆಂಡನ್ನು ಎತ್ತಿಕೊಳ್ಳುವವರು

ನನ್ನ ಅತ್ತೆಯ ಕೈಯಿಂದ ಅಡುಗೆಮನೆಯನ್ನು ನಾನು ಒಂದೇ ವಾರದಲ್ಲಿ ಬಿಡಿಸಿಕೊಂಡೆ. ಅದಕ್ಕಾಗಿ ಜಗಳವನ್ನೇನೂ ಆಡಲಿಲ್ಲ. ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು, ತಮ್ಮ ಮನೆ ಖಾಲಿ ಮಾಡಿ, ಎರಡು ಪೆಟ್ಟಿಗೆ ಮತ್ತು ಒಂದು ಗಾಲ್ಫ್ ಚೀಲದ ಜೊತೆ ಅವರು ನಮ್ಮಲ್ಲಿಗೆ ಬಂದಿದ್ದರು. "ನೀವು ಕೂತ್ಕೊಳ್ಳಿ ಅತ್ತೆ, ನಾನಿದ್ದೀನಲ್ಲ" ಎಂದೆ. ಅವರು ಕೂತರು. ಆಮೇಲೆ ಕಾರು ಓಡಿಸುವುದನ್ನು ಬಿಡಿಸಿದೆ, ಬ್ಯಾಂಕಿನ ಓಡಾಟ ಬಿಡಿಸಿದೆ, ಗಿಡಗಳಿಗೆ ನೀರು ಹಾಕಲು ಪೈಪು ಎಳೆಯುವುದನ್ನು ಬಿಡಿಸಿದೆ. ಪ್ರತಿ ಸಲವೂ ಅದೇ ಮಾತು, ನಾನಿದ್ದೀನಲ್ಲ. ಒಳ್ಳೆಯ ಸೊಸೆ ಎಂದು ನೆಂಟರೆಲ್ಲ ಹೊಗಳಿದರು. ನನಗೂ ಹಾಗೇ ಅನಿಸಿತ್ತು, ಸುಳ್ಳೇಕೆ ಹೇಳಲಿ.

ಗಾಲ್ಫ್ ಒಂದನ್ನು ಮಾತ್ರ ಬಿಡಿಸಲಾಗಲಿಲ್ಲ. ಕಾಲಿಗೆ ನಡಿಗೆ ಒಳ್ಳೆಯದು, ಆಡಲಿ ಬಿಡಿ ಎಂದು ಮೂಳೆ ಡಾಕ್ಟರೇ ಹೇಳಿಬಿಟ್ಟಿದ್ದರು. ಜೊತೆಗೆ ನಾನೂ ಆ ಆಟ ಆಡುತ್ತಿದ್ದೆ. ನಾನು ಹಲ್ಲಿನ ಡಾಕ್ಟರು. ದಿನವಿಡೀ ಬೇರೆಯವರ ಬಾಯಿಯೊಳಗೆ ಬಗ್ಗಿ ನೋಡಿ ಸೊಂಟ ಹಿಡಿದುಕೊಂಡಿತ್ತು, ಸಿಟ್ಟು ಮೂಗಿನ ತುದಿಗೆ ಬಂದು ಕೂತಿತ್ತು. ವಾರಕ್ಕೊಮ್ಮೆ ಏನನ್ನಾದರೂ ಜೋರಾಗಿ ಹೊಡೆದರೆ ಮನೆಯವರೆಲ್ಲ ನೆಮ್ಮದಿಯಾಗಿರಬಹುದು ಎಂದು ನನ್ನ ಗಂಡನೇ ಮೈದಾನಕ್ಕೆ ಕರೆದುಕೊಂಡು ಹೋಗಿ ಹೆಸರು ಬರೆಸಿದ್ದರು. ಅವರು ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುವವರು. ಯುದ್ಧಗಳ ಬಗ್ಗೆ ಓದುತ್ತಾರೆಯೇ ಹೊರತು ತಾವೇ ಹೋಗಿ ನಿಲ್ಲುವವರಲ್ಲ.

ಹೊಡೆಯುವುದೇನೋ ನಾನು ಚೆನ್ನಾಗಿಯೇ ಹೊಡೆಯುತ್ತಿದ್ದೆ. ಮೊದಲ ಹೊಡೆತಕ್ಕೆ ನನ್ನ ಚೆಂಡು ಹೋದಷ್ಟು ದೂರ ಕೆಲವು ಗಂಡಸರ ಚೆಂಡೂ ಹೋಗುತ್ತಿರಲಿಲ್ಲ. ತೊಂದರೆ ಇದ್ದದ್ದು ಹತ್ತಿರ ಹೋದ ಮೇಲೆ. ಚೆಂಡು ಬೀಳಬೇಕಾದ ಕುಳಿ ಕಣ್ಣೆದುರಿಗೇ ಇದೆ, ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿದೆ, ಚೆಂಡನ್ನು ಮೆಲ್ಲಗೆ ಎಬ್ಬಿಸಿ ಹತ್ತಿರ ಇಟ್ಟರೆ ಸಾಕು. ಅಲ್ಲಿ ನನ್ನ ಕೈ ಕೈಕೊಡುತ್ತಿತ್ತು. ಒಮ್ಮೆ ಚೆಂಡಿನ ಹಿಂದಿನ ಮಣ್ಣನ್ನು ಅಗೆದರೆ ಇನ್ನೊಮ್ಮೆ ಚೆಂಡಿನ ಹೊಟ್ಟೆಗೇ ಬಡಿದು ಆಚೆ ದಡಕ್ಕೆ ಓಡಿಸುತ್ತಿದ್ದೆ. ಕೂದಲೆಳೆಯಂಥ ನರವನ್ನು ಹಲ್ಲಿನ ಬುಡದಲ್ಲಿ ಹುಡುಕಿ ತೆಗೆಯುವ ಕೈ ಇದು. ಒಂದು ಚೆಂಡನ್ನು ನಾಲ್ಕು ಹೆಜ್ಜೆ ಆಚೆಗೆ ಕಳಿಸಲು ಬಾರದಲ್ಲ ಎಂದು ನನಗೆ ಮೈ ಉರಿಯುತ್ತಿತ್ತು.

ಅತ್ತೆಯದು ಇದಕ್ಕೆ ತದ್ವಿರುದ್ಧ. ಅವರು ಭೂಮಾಪನ ಕಚೇರಿಯಲ್ಲಿ ನಕ್ಷೆ ಬಿಡಿಸುತ್ತಿದ್ದವರು. ಕಚೇರಿಯ ಬೇಲಿಯಾಚೆಗೇ ಒಂದು ಗಾಲ್ಫ್ ಮೈದಾನವಿತ್ತಂತೆ. ಮಾವ ತೀರಿಕೊಂಡ ಮೇಲೆ, ಸಂಜೆ ಮನೆಗೆ ಹೋಗಲು ಮನಸ್ಸಾಗದೆ ಅಲ್ಲಿಗೆ ಹೋಗಿ ಕಲಿತದ್ದು. ಅವರ ಉದ್ದದ ಹೊಡೆತ ಅಷ್ಟಕ್ಕಷ್ಟೆ. ಆದರೆ ಚೆಂಡು ಒಮ್ಮೆ ಕುಳಿಯ ಆಸುಪಾಸಿಗೆ ಬಂತೆಂದರೆ ಅದು ಅವರ ಮಾತು ಕೇಳುತ್ತಿತ್ತು. ನೆಲದ ಏರಿಳಿತವನ್ನು ಅವರು ನೋಡುವುದನ್ನು ನೋಡಬೇಕು. ಬಗ್ಗುವುದಿಲ್ಲ, ಕಣ್ಣು ಕಿರಿದು ಮಾಡುವುದಿಲ್ಲ, ಸುಮ್ಮನೆ ಒಂದು ಸುತ್ತು ನಡೆದು ಬಂದು, ಯಾರೋ ಹಳೇ ಪರಿಚಯದವರ ಮನೆಯ ಬಾಗಿಲು ತಟ್ಟುವಷ್ಟು ಹಗುರವಾಗಿ ಹೊಡೆಯುತ್ತಿದ್ದರು.

ಭಾನುವಾರ ನಮ್ಮ ಮೈದಾನದಲ್ಲಿ ಜೋಡಿಯಾಟ. ಜೋಡಿಯ ಇಬ್ಬರೂ ಒಂದೊಂದು ಚೆಂಡು ಹೊಡೆಯಬೇಕು. ಎರಡರಲ್ಲಿ ಒಳ್ಳೆಯ ಜಾಗಕ್ಕೆ ಬಿದ್ದದ್ದನ್ನು ಉಳಿಸಿಕೊಂಡು, ಇನ್ನೊಂದನ್ನು ಎತ್ತಿಕೊಂಡು ಬಂದು, ಉಳಿದ ಚೆಂಡಿನ ಜಾಗದಿಂದಲೇ ಮತ್ತೆ ಇಬ್ಬರೂ ಹೊಡೆಯಬೇಕು. ಇದರಲ್ಲಿ ಒಂದು ಪದ್ಧತಿ ನಡೆದುಬಂದಿದೆ. ಯಾರ ಚೆಂಡು ಹಿಂದೆ ಬಿತ್ತೋ ಅವರೇ ಹೋಗಿ ತಮ್ಮದನ್ನು ಎತ್ತಿಕೊಳ್ಳಬೇಕು. "ನಿಮ್ಮದನ್ನ ಎತ್ಕೊಳ್ಳಿ" ಎಂದು ಜೊತೆಗಾರರು ಹೇಳಕೂಡದು. ನಿಯಮದಲ್ಲಿ ಎಲ್ಲೂ ಇಲ್ಲದಿದ್ದರೂ ಹಾಗೆ ಹೇಳಿದವರನ್ನು ನಮ್ಮಲ್ಲಿ ಒರಟರೆಂದೇ ಲೆಕ್ಕ. ನಮ್ಮ ಜೋಡಿಯಲ್ಲಿ ಮೊದಲ ಹೊಡೆತಕ್ಕೆ ಅತ್ತೆ ಎತ್ತಿಕೊಳ್ಳುತ್ತಿದ್ದರು, ಕುಳಿಯ ಹತ್ತಿರ ನಾನು ಎತ್ತಿಕೊಳ್ಳುತ್ತಿದ್ದೆ. ಆ ಏರ್ಪಾಡು ಚೆನ್ನಾಗಿಯೇ ಇತ್ತು. ಅದನ್ನು ಕೆಡಿಸಿದ್ದು ನನ್ನ ಜಂಬ.

ಒಂದು ಭಾನುವಾರ ಆಟ ಮುಗಿಸಿ ಶೂ ತೊಳೆಯುವ ನಲ್ಲಿಯ ಹತ್ತಿರ ನಿಂತಿದ್ದೆ. ಗೋಡೆಯಾಚೆ ಔಷಧಿ ಅಂಗಡಿಯವರು ತಮ್ಮ ಹೆಂಡತಿಗೆ ಹೇಳುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಆಡುವವರು, ನಮಗೆ ಯಾವಾಗಲೂ ಎದುರಾಳಿಗಳು.

"ಗೆಲ್ಸೋರು ಅತ್ತೆ ಕಣೆ. ಸೊಸೆ ಬರೀ ಸದ್ದು."

ಬರೀ ಸದ್ದು! ಆ ಮಾತು ನನಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತಾಯಿತು. ನಾಲಿಗೆ ಪದೇ ಪದೇ ಅಲ್ಲಿಗೇ ಹೋಗುತ್ತಿತ್ತು. ಮನೆಗೆ ಬಂದವಳೇ ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದೆ.

"ಅತ್ತೆ, ಆ ಹತ್ತಿರದ ಆಟ ನನಗೂ ಕಲಿಸ್ತೀರಾ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರು ನಮ್ಮಲ್ಲಿಗೆ ಬಂದಾಗಿನಿಂದ ನಾನು ಅವರನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲಿರಬೇಕು.

"ಕಲಿಸ್ತೀನಿ. ಆದ್ರೆ ನೀನು ಬಾಯಿ ಮುಚ್ಕೊಂಡು ಕಲೀಬೇಕು. ಬಾಯಿ ತೆಗೆಸೋದು ನಿನ್ನ ಕ್ಲಿನಿಕ್ಕಲ್ಲಿ."

ಮೊದಲ ಕೆಲವು ದಿನ ಹೊಡೆಯುವ ಕೋಲನ್ನು, ಅಂದರೆ ಕ್ಲಬ್ಬನ್ನು, ಮುಟ್ಟಲೂ ಬಿಡಲಿಲ್ಲ. ಕ್ಲಿನಿಕ್ಕಿನ ಹಿಂದಿನ ಹುಲ್ಲಿನ ಜಾಗದಲ್ಲಿ ಒಂದು ಟವೆಲನ್ನು ಮಡಿಸಿ ಹಾಸಿ, ಚೆಂಡನ್ನು ಕೈಯಿಂದ ಅದರ ಮೇಲೆ ಎಸೆ ಎಂದರು. ಕಿಟಕಿಯಿಂದ ನನ್ನ ರೋಗಿಗಳು ನೋಡುತ್ತಿದ್ದರು. ಕೆನ್ನೆ ಊದಿಸಿಕೊಂಡು ಕೂತವರಿಗೂ ನಗು ಬರುತ್ತಿತ್ತು. ಆದರೆ ಎಸೆಯುವಾಗ ಒಂದು ವಿಷಯ ತಿಳಿಯಿತು. ಕೈಗೆ ದೂರ ಗೊತ್ತಿದೆ, ಗೊತ್ತಿಲ್ಲದಿರುವುದು ನನಗೆ.

"ಕುಳಿ ನೋಡ್ಬೇಡ" ಎನ್ನುತ್ತಿದ್ದರು ಅತ್ತೆ. "ಚೆಂಡು ಎಲ್ಲಿ ಬೀಳ್ಬೇಕೋ ಆ ಜಾಗ ನೋಡು. ಬಿದ್ದ ಮೇಲೆ ದಾರಿ ಅದೇ ನೋಡ್ಕೊಳುತ್ತೆ. ಅಲ್ಲಿ ಒಂದು ಬಿಂದಿಗೆ ನೀರು ಸುರಿದ್ರೆ ಯಾವ ಕಡೆ ಹರಿಯುತ್ತೆ? ಅದಷ್ಟೇ ಯೋಚ್ನೆ ಮಾಡು."

ಆಮೇಲೆ ಕ್ಲಬ್ಬು ಕೈಗೆ ಕೊಟ್ಟರು. ಮೂತಿ ಮೇಲಕ್ಕೆ ಮಾಡಿಕೊಂಡಿರುವ, ಹತ್ತಿರದ ಹೊಡೆತಕ್ಕೆಂದೇ ಇರುವ ವೆಜ್ ಎಂಬ ಕ್ಲಬ್ಬು. ನಾನು ಹೊಡೆದಾಗಲೆಲ್ಲ ಮಣಿಕಟ್ಟು ತಾನಾಗಿ ತಿರುಗಿ ಚೆಂಡನ್ನು ಮೇಲಕ್ಕೆ ಚಿಮ್ಮಿಸಲು ನೋಡುತ್ತಿತ್ತು.

"ಚೆಂಡನ್ನ ಮೇಲೆ ಎಬ್ಬಿಸೋಕೆ ನೀನ್ಯಾಕೆ ಒದ್ದಾಡ್ತೀಯ?" ಎಂದು ಅತ್ತೆ ನನ್ನ ಮಣಿಕಟ್ಟನ್ನು ಹಿಡಿದರು. "ಎಬ್ಬಿಸೋದು ಕ್ಲಬ್ಬಿನ ಕೆಲಸ. ಅದರ ಮೂತಿ ಅದಕ್ಕೇ ಅಂತ ಹಾಗೆ ಮಾಡಿರೋದು. ನೀನು ಸುಮ್ಮನೆ ಕೆಳಗೆ ಹೊಡಿ. ಎಲ್ಲದಕ್ಕೂ ಸಹಾಯ ಮಾಡೋಕೆ ಹೋಗ್ತೀಯ, ಅದೇ ನಿನ್ನ ಕಾಯಿಲೆ."

ಅವರ ಹಿಡಿತ ಒಣಗಿದ ಹಗ್ಗದಂತೆ ಬಿಗಿಯಾಗಿತ್ತು. ಈ ಕೈಯಿಂದ ನಾನು ನೀರಿನ ಪೈಪು ಕಸಿದುಕೊಂಡಿದ್ದೆನಲ್ಲ ಎಂದು ಒಂದು ಗಳಿಗೆ ಅನಿಸಿತು. ಆದರೆ ಆಗ ನನಗೆ ಕಲಿಯುವ ಹುಚ್ಚು, ಬೇರೆ ಯೋಚನೆಗೆ ಪುರುಸೊತ್ತಿರಲಿಲ್ಲ.

ಅತ್ತೆ ಏನನ್ನೂ ಬಚ್ಚಿಟ್ಟುಕೊಳ್ಳಲಿಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹುಲ್ಲು ಒದ್ದೆಯಿದ್ದರೆ ಹೇಗೆ, ಇಳಿಜಾರಿನಲ್ಲಿ ಯಾವ ಕಾಲಿಗೆ ಭಾರ, ಮರಳಿನ ಗುಂಡಿಗೆ ಬಿದ್ದರೆ ಚೆಂಡನ್ನು ಬಿಟ್ಟು ಅದರ ಹಿಂದಿನ ಮರಳನ್ನು ಹೇಗೆ ಹೊಡೆಯಬೇಕು, ಎಲ್ಲವನ್ನೂ ಹೇಳಿಕೊಟ್ಟರು. ಊಟವಾದ ಮೇಲೆ ಮನೆಯ ಓಣಿಯಂಥ ನಡುಮನೆಯಲ್ಲಿ ಒಂದು ಲೋಟವನ್ನು ಅಡ್ಡ ಮಲಗಿಸಿ ಚೆಂಡು ಉರುಳಿಸುತ್ತಿದ್ದೆವು. ನನ್ನ ಗಂಡ ಪುಸ್ತಕ ಹಿಡಿದುಕೊಂಡು ನಮ್ಮಿಬ್ಬರ ನಡುವೆ ಕಾಲೆತ್ತಿ ಕಾಲೆತ್ತಿ ದಾಟಿ ಹೋಗುತ್ತಿದ್ದರು. ಆ ದಿನಗಳಲ್ಲಿ ಅತ್ತೆಯ ದನಿ ಮನೆಯಲ್ಲಿ ಕೇಳುತ್ತಿತ್ತು. ಬೈಗುಳವೇ ಹೆಚ್ಚು, ಆದರೂ ದನಿ.

ನಾನು ಕಲಿತೆ. ಹಠ ಹಿಡಿದರೆ ಬಿಡುವವಳಲ್ಲ ನಾನು. ಬೇಸಿಗೆ ಕಳೆಯುವಷ್ಟರಲ್ಲಿ ನನ್ನ ಚೆಂಡು ಹೇಳಿದ ಜಾಗಕ್ಕೆ ಬಿದ್ದು, ಹೇಳಿದ ಕಡೆ ಉರುಳಿ, ಕುಳಿಯ ಪಕ್ಕದಲ್ಲಿ ನಿಲ್ಲತೊಡಗಿತು. ಭಾನುವಾರದ ಆಟದಲ್ಲಿ ನಾವು ಮೇಲಿಂದ ಮೇಲೆ ಗೆದ್ದೆವು. ಔಷಧಿ ಅಂಗಡಿಯವರು ಬಂದು, "ಏನು ಡಾಕ್ಟ್ರೇ, ಮಾಯ ಮಾಡ್ಬಿಟ್ರಲ್ಲ!" ಎಂದು ಕೈ ಕುಲುಕಿದಾಗ ನಾನು ಅಟ್ಟ ಹತ್ತಿ ಕೂತುಬಿಟ್ಟೆ. ಗೋಡೆಯಾಚೆ ನಿಂತು ಕೇಳಿದ ಮಾತಿಗೆ ಬಡ್ಡಿ ಸಮೇತ ಉತ್ತರ ಕೊಟ್ಟಂತಾಯಿತು.

ಆ ಖುಷಿಯಲ್ಲಿ ನಾನು ಕಾಣದೆ ಹೋದದ್ದೊಂದಿತ್ತು. ಮೊದಲ ಹೊಡೆತಕ್ಕೆ ಅತ್ತೆ ತಮ್ಮ ಚೆಂಡನ್ನು ಎತ್ತಿಕೊಳ್ಳುತ್ತಿದ್ದರು. ಎರಡನೆಯದಕ್ಕೂ ಎತ್ತಿಕೊಳ್ಳುತ್ತಿದ್ದರು. ಈಗ ಕುಳಿಯ ಹತ್ತಿರವೂ ಎತ್ತಿಕೊಳ್ಳತೊಡಗಿದ್ದರು. ಹೊಸ ಮೊಣಕಾಲನ್ನು ಒಂದಿಷ್ಟು ಪಕ್ಕಕ್ಕೆ ಚಾಚಿ, ಬಗ್ಗಿ, ಚೆಂಡನ್ನು ಎತ್ತಿ, ಪ್ಯಾಂಟಿನ ಬದಿಗೆ ಒರೆಸಿಕೊಂಡು ಜೇಬಿಗೆ ಹಾಕಿಕೊಳ್ಳುವರು. "ನಿನ್ನದೇ ಚೆನ್ನಾಗಿದೆ" ಎನ್ನುವರು. ಆಟ ಮುಗಿಯುವಾಗ ಅವರ ಒಂದು ಹೊಡೆತವೂ ಲೆಕ್ಕಕ್ಕೆ ಬಂದಿರುತ್ತಿರಲಿಲ್ಲ. ಇಡೀ ಮೈದಾನ ನಡೆದು, ಬಗ್ಗಿ ಬಗ್ಗಿ ತಮ್ಮದನ್ನೇ ಹೆಕ್ಕಿಕೊಂಡು ಬಂದಂತಾಗುತ್ತಿತ್ತು.

ಮೊದಮೊದಲು ಕಾಲುನೋವು ಎಂದು ಒಂದು ಭಾನುವಾರ ಬಿಟ್ಟರು. ನಂತರ ಮಳೆ ಬರಬಹುದು ಎಂದರು. ಒಂದು ದಿನ ಊಟಕ್ಕೆ ಕೂತಾಗ, ನೀರು ಕೇಳುವಷ್ಟು ಸಾಧಾರಣ ದನಿಯಲ್ಲಿ ಹೇಳಿದರು.

"ನೀನು ಬೇರೆ ಜೋಡಿ ನೋಡ್ಕೋಮ್ಮ. ನಿನ್ನ ಸಮಕ್ಕೆ ಹೊಡೆಯೋರು ಯಾರಾದ್ರೂ ಸಿಗ್ತಾರೆ."

"ಯಾಕತ್ತೆ? ಗೆಲ್ತಾ ಇದ್ದೀವಲ್ಲ!"

"ಗೆಲ್ತಾ ಇದ್ದೀಯ" ಎಂದು ತಟ್ಟೆ ಎತ್ತಿಕೊಂಡು ಎದ್ದರು.

ನಾನು ಗಂಡನ ಮುಖ ನೋಡಿದೆ. ಅವರು ಸಾಮಾನ್ಯವಾಗಿ ನಮ್ಮಿಬ್ಬರ ನಡುವೆ ಬಾಯಿ ಹಾಕುವವರಲ್ಲ, ಜಾಣರು. ಅವತ್ತು ಮಾತ್ರ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದರು.

"ಕೋಪ ಮಾಡ್ಕೋಬೇಡ. ನೀನು ಅಮ್ಮನಿಗೆ ಕೆಟ್ಟದ್ದು ಮಾಡಿಲ್ಲ. ಆದ್ರೆ ಒಂದೊಂದೇ ಕಿತ್ತೆ. ಒಲೆ, ಕಾರು, ಬ್ಯಾಂಕು. ನೋವಾಗದ ಹಾಗೆ ಕೀಳೋದು ನಿನಗೆ ಕೆಲಸದಿಂದ ಬಂದ ಅಭ್ಯಾಸ. ಇದೊಂದು ಉಳಿದಿತ್ತು, ಅದನ್ನ ಅವರೇ ಕೈಯಾರೆ ಕೊಟ್ರು."

"ನಾನು ಕಿತ್ಕೊಳ್ಳೋಕೆ ಕೇಳಿದ್ದಲ್ಲ! ಕಲಿಸಿ ಅಂತ ಕೇಳಿದ್ದು!"

"ಗೊತ್ತು. ಅವರಿಗೂ ಗೊತ್ತು. ಅದಕ್ಕೇ ಕಲಿಸಿದ್ರು."

ನನಗೆ ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು. ಚೆನ್ನಾಗಿ ಆಡಲು ಕಲಿಯುವುದೂ ತಪ್ಪೇ? ಅಂದಮೇಲೆ ಅತ್ತೆ ನನಗೆ ಕಲಿಸುವಾಗ ಇದು ಹೀಗೇ ಮುಗಿಯುತ್ತದೆಂದು ಅವರಿಗೆ ಮೊದಲೇ ಕಂಡಿತ್ತೇ? ನೆಲವನ್ನು ನೋಡಿ ನೀರು ಯಾವ ಕಡೆ ಹರಿಯುತ್ತದೆಂದು ಹೇಳುವವರಿಗೆ ಇದು ಕಾಣದೆ ಇರುತ್ತದೆಯೇ? ಕಂಡೂ ಒಂದು ಚೂರನ್ನೂ ಬಚ್ಚಿಟ್ಟುಕೊಳ್ಳದೆ ಕಲಿಸಿದರಲ್ಲ. ನನ್ನ ಕೈಯಲ್ಲಿ ಅದು ಆಗುತ್ತಿತ್ತೇ ಎಂದು ಕೇಳಿಕೊಂಡೆ. ಆಗುತ್ತಿರಲಿಲ್ಲ.

ಕಾಡಿ ಬೇಡಿ ಮುಂದಿನ ಭಾನುವಾರ ಅವರನ್ನು ಹೊರಡಿಸಿದೆ. ಮತ್ತು ಅವತ್ತು ಒಂದು ಮೂರ್ಖತನ ಮಾಡಿದೆ. ಒಂದು ಕುಳಿಯ ಹತ್ತಿರ ಅತ್ತೆಯ ಚೆಂಡು ತಕ್ಕಮಟ್ಟಿಗೆ ಹತ್ತಿರ ಬಂದು ನಿಂತಿತು. ನನ್ನ ಸರದಿ ಬಂತು. ಕಣ್ಣು ಮುಚ್ಚಿಕೊಂಡು ಹೊಡೆದರೂ ಅದಕ್ಕಿಂತ ಹತ್ತಿರ ಇಡಬಹುದಾಗಿದ್ದ ಹೊಡೆತ ಅದು. ನಾನು ಬೇಕೆಂದೇ ಮಣ್ಣಿಗೆ ಹೊಡೆದೆ. ಚೆಂಡು ಎರಡು ಹೆಜ್ಜೆ ಕುಪ್ಪಳಿಸಿ ಹುಲ್ಲಿನಲ್ಲೇ ಕೂತಿತು.

"ಅಯ್ಯೋ, ಇವತ್ತು ನನ್ನ ಕೈಯೇ ಸರಿ ಇಲ್ಲ ಅತ್ತೆ. ಕ್ಷಮಿಸಿ" ಎಂದು ಹೋಗಿ ನನ್ನದನ್ನು ಎತ್ತಿಕೊಂಡೆ. "ನಿಮ್ಮದೇ ಚೆನ್ನಾಗಿದೆ."

ಅತ್ತೆ ಆಟ ಮುಗಿಸಿದರು, ಎಲ್ಲರಿಗೂ ಕೈ ಮುಗಿದರು, ಚೀಲವನ್ನು ಕಾರಿನ ಹಿಂದೆ ಇಟ್ಟರು. ಮನೆಯ ತಿರುವಿಗೆ ಇನ್ನೂ ದೂರವಿದ್ದಾಗ, "ಗಾಡಿ ನಿಲ್ಸು" ಎಂದರು. ನಿಲ್ಲಿಸಿದೆ.

"ನಿನಗೆ ನಾನು ಸುಳ್ಳು ಕಲಿಸಿದ್ನಾ?"

"ಅತ್ತೆ, ನಾನು..."

"ನನ್ನ ಮುಂದೇನೇ ಮಣ್ಣಿಗೆ ಹೊಡೀತೀಯಾ? ಬಗ್ಗಿ ನನ್ನದನ್ನ ನಾನು ಎತ್ಕೊಳ್ಳೋಕೆ ನನಗೆ ಬೇಜಾರಿತ್ತು, ಹೌದು. ಆದ್ರೆ ಅದು ನನ್ನ ಬೇಜಾರು, ನ್ಯಾಯವಾದದ್ದು. ನಿನ್ನ ಚೆಂಡು ಮುಂದೆ ಇತ್ತು, ನಾನು ಎತ್ಕೊಂಡೆ. ಇವತ್ತು ನೀನು ಕೊಟ್ಟಿದ್ದು ಭಿಕ್ಷೆ. ನಾನ್ಯಾವತ್ತು ನಿನ್ನ ಹತ್ರ ಕೈಚಾಚಿದ್ದೆ?"

ಬಾಗಿಲು ತೆಗೆದು ಇಳಿದು ನಡೆದೇ ಮನೆಗೆ ಹೋದರು. ನಾನು ಕಾರನ್ನು ಆಮೆಯಂತೆ ಅವರ ಹಿಂದೆ ಓಡಿಸಿದೆ. ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ. ಹಿಂದಿನ ಗಾಡಿಯವನೊಬ್ಬ ಹಾರ್ನ್ ಹೊಡೆದು ಹೊಡೆದು ಕೊನೆಗೆ ಪಕ್ಕಕ್ಕೆ ಬಂದು ನನ್ನನ್ನು ಬೈದು ಹೋದ. ನಾನೂ ಬೈದೆ, ಅದರಿಂದ ಸ್ವಲ್ಪ ಹಗುರವಾಯಿತು.

ಆಮೇಲೆ ಲೋಟ ಕಪಾಟಿಗೆ ಹೋಯಿತು, ಟವೆಲು ಮತ್ತೆ ಬರೀ ಟವೆಲಾಯಿತು. ಅತ್ತೆ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಮರ್ಯಾದೆಯಿಂದಲೇ ಕೊಡುತ್ತಿದ್ದರು. ಆ ಮರ್ಯಾದೆ ನನ್ನನ್ನು ಕೊಂದುಹಾಕಿತು. ಕ್ಲಿನಿಕ್ಕಿನಲ್ಲಿ ಒಬ್ಬರ ದವಡೆ ಹಲ್ಲಿಗೆ ಸಿಮೆಂಟು ತುಂಬುತ್ತಾ ಯೋಚಿಸುತ್ತಿದ್ದೆ. ಚೆನ್ನಾಗಿ ಹೊಡೆದರೆ ಅವರಿಗೆ ಜಾಗವಿಲ್ಲ. ಕೆಟ್ಟದಾಗಿ ಹೊಡೆದರೆ ಅವಮಾನ. ಇದರ ನಡುವೆ ನಾನು ನಿಲ್ಲುವುದಾದರೂ ಎಲ್ಲಿ?

ಉತ್ತರ ಸಿಕ್ಕಿದ್ದು ಮೈದಾನದ ಸೂಚನಾ ಫಲಕದಲ್ಲಿ. ವರ್ಷಕ್ಕೊಮ್ಮೆ ನಡೆಯುವ ಸರದಿಯಾಟಕ್ಕೆ ಹೆಸರು ಕೊಡಬೇಕೆಂದು ಬರೆದು ಅಂಟಿಸಿದ್ದರು. ಆ ಆಟಕ್ಕೆ ಹೆಚ್ಚು ಜನ ಸೇರುವುದಿಲ್ಲ, ಗಂಡ ಹೆಂಡತಿ ಸೇರಿದರಂತೂ ಮನೆ ಮುರಿಯುವುದೇ ಎಂದು ತಮಾಷೆ. ಅದರಲ್ಲಿ ಜೋಡಿಗೆ ಇರುವುದು ಒಂದೇ ಚೆಂಡು. ಒಬ್ಬರು ಹೊಡೆದಲ್ಲಿಂದ ಇನ್ನೊಬ್ಬರು ಹೊಡೆಯಬೇಕು, ಹೀಗೇ ಒಬ್ಬರಾದ ಮೇಲೆ ಒಬ್ಬರು. ನಾನು ಚೆಂಡನ್ನು ಪೊದೆಗೆ ತಳ್ಳಿದರೆ ಅತ್ತೆ ಪೊದೆಯಿಂದ ಹೊಡೆಯಬೇಕು. ಅತ್ತೆಯ ಚೆಂಡು ನಡುದಾರಿಯಲ್ಲಿ ಸುಸ್ತಾಗಿ ನಿಂತರೆ ನಾನು ಅಲ್ಲಿಂದ ಹೊಡೆಯಬೇಕು. ಆರಿಸಿಕೊಳ್ಳುವ ಮಾತೇ ಇಲ್ಲ. ಯಾರೂ ಬಗ್ಗಿ ತಮ್ಮದನ್ನು ಎತ್ತಿಕೊಳ್ಳಬೇಕಾಗಿಲ್ಲ.

ಇಬ್ಬರ ಹೆಸರನ್ನೂ ಬರೆದು ಬಂದೆ. ಅತ್ತೆಗೆ ಹೇಳಿದಾಗ ಅವರು ನನ್ನನ್ನು ಬಹಳ ಹೊತ್ತು ನೋಡಿದರು.

"ಕರುಣೆಗೆ ಹೊಸ ಅಂಗಿ ಹೊಲಿಸಿದ್ದೀಯ" ಎಂದರು.

"ಇಲ್ಲ ಅತ್ತೆ. ನಿಮ್ಮ ಮೊದಲ ಹೊಡೆತ ಎಷ್ಟು ದೂರ ಹೋಗುತ್ತೆ ಅಂತ ಇಬ್ಬರಿಗೂ ಗೊತ್ತು. ನಾವು ಸೋಲಬಹುದು. ಸೋತ್ರೆ ಇಬ್ಬರೂ ಸೇರಿ ಸೋಲ್ತೀವಿ. ನನಗೆ ನಿಮ್ಮ ಜೊತೆ ಆಡ್ಬೇಕು, ಅಷ್ಟೇ. ಬೇರೆ ಯಾರ ಜೊತೇನೂ ಬೇಡ."

ಈ ಮಾತನ್ನು ನಾನು ಸಿಟ್ಟಿನಲ್ಲೇ ಹೇಳಿದ್ದು. ಸಿಟ್ಟಿಲ್ಲದೆ ನನಗೆ ನಿಜ ಹೇಳಲು ಬರುವುದಿಲ್ಲ. ಅತ್ತೆ ಕಿಟಕಿಯ ಕಡೆ ತಿರುಗಿ ನಿಂತರು.

"ಆಯ್ತು. ಆದ್ರೆ ಒಂದು ಮಾತು. ಒಂದೇ ಒಂದು ಹೊಡೆತ ಬೇಕಂತ ತಪ್ಪಿಸಿದೆ ಅಂತ ನನಗೆ ಅನಿಸಿದ್ರೂ ಸಾಕು, ಅಲ್ಲಿಗೆ ಮುಗೀತು. ಚೀಲ ಯಾರಿಗಾದ್ರೂ ಕೊಟ್ಬಿಡ್ತೀನಿ. ಮತ್ತೆ ಈ ವಿಷಯ ಎತ್ತೋ ಹಾಗಿಲ್ಲ."

ಆಟದ ದಿನ ಬಂತು. ನಮಗೆ ಎದುರಾಗಿ ಔಷಧಿ ಅಂಗಡಿಯ ಗಂಡ ಹೆಂಡತಿ. ಮೊದಲ ಕೆಲವು ಕುಳಿಗಳಲ್ಲಿ ನಮ್ಮ ಪಾಡು ನಾಯಿಪಾಡು. ಅತ್ತೆ ಉದ್ದ ಹೊಡೆಯಬೇಕಾದಾಗ ಚೆಂಡು ನಡುವೆಯೇ ಕೂರುತ್ತಿತ್ತು. ನಾನು ಅದನ್ನು ಸರಿಪಡಿಸುವ ಅವಸರದಲ್ಲಿ ಮರಗಳ ಸಂದಿಗೆ ಕಳಿಸುತ್ತಿದ್ದೆ. ಅಲ್ಲಿಂದ ಅತ್ತೆ ಗೊಣಗುತ್ತಾ, ಕೊಂಬೆಗಳ ಕೆಳಗೆ ತಲೆ ತಗ್ಗಿಸಿ, ಒಂದೇ ಹಗುರ ಹೊಡೆತಕ್ಕೆ ಚೆಂಡನ್ನು ದಾರಿಗೆ ತರುತ್ತಿದ್ದರು. ನಿಧಾನಕ್ಕೆ ನಮಗೆ ಹದ ಸಿಕ್ಕಿತು. ಅವರ ಚೆಂಡು ಎಲ್ಲಿ ನಿಲ್ಲುತ್ತದೆಂದು ನಾನು ಮೊದಲೇ ಊಹಿಸತೊಡಗಿದೆ. ನನಗೆ ಯಾವ ಕಡೆಯಿಂದ ಹೊಡೆಯುವುದು ಸುಲಭವೋ ಆ ಕಡೆಗೆ ಅವರು ಬಿಡತೊಡಗಿದರು. ಒಬ್ಬರಿಗೊಬ್ಬರು ಜಾಗ ಮಾಡಿಕೊಟ್ಟುಕೊಂಡು ಒಂದೇ ಅಡುಗೆಮನೆಯಲ್ಲಿ ಓಡಾಡುವುದು ಹೀಗಿರಬಹುದೇನೋ, ನಾವು ಅದನ್ನು ಎಂದೂ ಮಾಡಿ ನೋಡಿರಲಿಲ್ಲ.

ಕೊನೆಯ ಕುಳಿಗೆ ಬರುವಾಗ ಎರಡೂ ಜೋಡಿ ಸಮವಾಗಿದ್ದವು. ಅತ್ತೆಯದು ಮೊದಲ ಹೊಡೆತ, ನನ್ನದು ಎರಡನೆಯದು, ಅತ್ತೆಯ ಮೂರನೆಯದು ಚೆಂಡನ್ನು ನುಣುಪು ಹುಲ್ಲಿನ ಅಂಚಿಗೆ ತಂದು ನಿಲ್ಲಿಸಿತು. ನಡುವೆ ಅಡ್ಡಿಯಿಲ್ಲ, ಇಳಿಜಾರು ಚೂರೇಚೂರು. ಕ್ಲಿನಿಕ್ಕಿನ ಹಿಂದೆ ನಾನು ದಿನಗಟ್ಟಲೆ ಹೊಡೆದ ಹೊಡೆತವೇ ಇದು. ಇದನ್ನು ಹತ್ತಿರ ಇಟ್ಟರೆ ಅತ್ತೆ ಒಳಗೆ ಉರುಳಿಸುತ್ತಾರೆ, ಎದುರಾಳಿಗಳಿಗಿಂತ ಒಂದು ಹೊಡೆತ ಕಡಿಮೆಯಾಗಿ ನಾವು ಗೆಲ್ಲುತ್ತೇವೆ. ಅತ್ತೆ ಕುಳಿಯಲ್ಲಿ ನೆಟ್ಟಿದ್ದ ಬಾವುಟದ ಕೋಲು ಹಿಡಿದು ಪಕ್ಕದಲ್ಲಿ ನಿಂತರು. ಔಷಧಿ ಅಂಗಡಿಯವರು ಉಸಿರು ಹಿಡಿದರು.

ಬೀಳುವ ಜಾಗ ನೋಡಿದೆ. ಕ್ಲಬ್ಬು ಹಿಂದಕ್ಕೆ ತೆಗೆದೆ. ಅದೇ ಗಳಿಗೆಯಲ್ಲಿ ನನ್ನ ಕಣ್ಣಂಚಿನಲ್ಲಿ, ಅತ್ತೆ ನಿಂತ ಕಡೆ, ಏನೋ ಅಲುಗಾಡಿದಂತಾಯಿತು. ಅಥವಾ ಆಗಲಿಲ್ಲವೋ. ಕೈ ಚಿಮ್ಮಿತು. ಟಕ್ ಎಂದು ಗಟ್ಟಿ ಸದ್ದು. ಚೆಂಡು ನೆಲ ಬಿಟ್ಟು ಏಳಲೇ ಇಲ್ಲ, ಹುಲ್ಲನ್ನು ಸವರಿಕೊಂಡು ಕುಳಿಯನ್ನು ದಾಟಿ, ಅತ್ತೆಯ ಶೂವಿನ ಪಕ್ಕದಿಂದ ನುಗ್ಗಿ ಆಚೆಯ ಮರಳುಗುಂಡಿಯೊಳಗೆ ಬಿತ್ತು.

ನಾನೇ ಮೊದಲು ಬಾಯಿ ಬಿಟ್ಟೆ.

"ಅಲ್ಲ ಅತ್ತೆ, ನಾನು ಹೊಡೆಯೋವಾಗಲೇ ಟೋಪಿ ಸರಿಮಾಡ್ಕೋಬೇಕಿತ್ತಾ ನೀವು? ಒಂದು ನಿಮಿಷ ಗೊಂಬೆ ಥರ ನಿಂತ್ಕೊಳ್ಳೋಕೆ ಆಗಲ್ವಾ? ಇಡೀ ಆಟಾನೇ ಹಾಳು ಮಾಡಿದ್ರಲ್ಲ!"

ಹೇಳಿದ ಮೇಲೆ ತಿಳಿಯಿತು, ನಾನು ಏನು ಹೇಳಿದೆ, ಯಾರಿಗೆ ಹೇಳಿದೆ ಎಂದು. ಔಷಧಿ ಅಂಗಡಿಯವರ ಹೆಂಡತಿ ಆಕಾಶ ನೋಡತೊಡಗಿದರು. ಅತ್ತೆ ಕೋಲನ್ನು ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದರು. ಆಗ ನನಗೆ ಹೆದರಿಕೆಯಾಯಿತು. ಬೈದದ್ದಕ್ಕಲ್ಲ. ಇಷ್ಟು ಸುಲಭದ ಹೊಡೆತ ತಪ್ಪಿತು, ಕಡೆಯ ಕುಳಿಯಲ್ಲಿ, ಅದೂ ಅವರಿಗೆ ಕೈಚಳಕ ತೋರಿಸುವ ಅವಕಾಶ ಸಿಗುವಂತೆ ನೇರವಾಗಿ ಮರಳಿಗೆ. ಒಮ್ಮೆ ಬೇಕೆಂದೇ ತಪ್ಪಿಸಿದವಳನ್ನು ಈಗ ಯಾರು ನಂಬುತ್ತಾರೆ? ಚೀಲ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದಿದ್ದರು. ಅವರು ಹೇಳಿದ ಮಾತಿಗೆ ತಪ್ಪುವವರಲ್ಲ.

ಅತ್ತೆ ಕೋಲನ್ನು ಮತ್ತೆ ಕುಳಿಗೆ ಸಿಕ್ಕಿಸಿ ನನ್ನ ಕಡೆ ನಡೆದು ಬಂದರು.

"ಅತ್ತೆ, ನನ್ನಾಣೆಗೂ ನಾನು..."

"ಆಣೆ ಗೀಣೆ ಬೇಡ." ಅವರು ನನ್ನ ಮುಖವನ್ನು ಹತ್ತಿರದಿಂದ ನೋಡಿದರು. "ಅವತ್ತು ಬೇಕಂತ ತಪ್ಪಿಸಿದಾಗ ಏನಂದಿದ್ದೆ ಹೇಳು? 'ನನ್ನ ಕೈಯೇ ಸರಿ ಇಲ್ಲ ಅತ್ತೆ, ಕ್ಷಮಿಸಿ' ಅಂದಿದ್ದೆ. ಅಲ್ಲಿಗೇ ಸಿಕ್ಕಿಬಿದ್ದೆ. ನಿಜವಾಗಿ ತಪ್ಪಿದಾಗ ನೀನು ಯಾವತ್ತಾದ್ರೂ ನಿನ್ನ ಕೈನ ಬೈದಿದ್ದೀಯಾ? ಗಾಳಿನ ಬೈತೀಯ, ಹುಲ್ಲು ಕತ್ತರಿಸೋರನ್ನ ಬೈತೀಯ, ಮರದ ಮೇಲಿನ ಕಾಗೆನ ಬೈತೀಯ. ಇವತ್ತು ನನ್ನನ್ನ ಬೈದೆ."

ನಾನು ಅವರ ಟೋಪಿಯ ಕಡೆ ನೋಡಿದೆ.

"ನಾನು ಟೋಪಿ ಮುಟ್ಟಲೂ ಇಲ್ಲ" ಎಂದರು ಅತ್ತೆ. ಹಾಗೆನ್ನುತ್ತಲೇ ಅವರಿಗೆ ನಗು ಬಂತು. ಮೊದಲು ತುಟಿಯಲ್ಲಿ, ಆಮೇಲೆ ಭುಜದಲ್ಲಿ, ಕೊನೆಗೆ ನನ್ನ ತೋಳು ಹಿಡಿದುಕೊಂಡು ಮೈಯೆಲ್ಲ ಕುಲುಕಿಸಿ ನಕ್ಕರು. ನಮ್ಮ ಮನೆಗೆ ಬಂದಾಗಿನಿಂದ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

"ಬಂದಿಲ್ಲ ಕಣೇ ನಿನಗೆ! ಹತ್ತಿರದ ಆಟ ಇನ್ನೂ ಬಂದಿಲ್ಲ!"

ಇಷ್ಟು ವರ್ಷದಲ್ಲಿ ಎಷ್ಟೋ ಜನ ನನ್ನನ್ನು ಹೊಗಳಿದ್ದಾರೆ. ಯಾರ ಹೊಗಳಿಕೆಯೂ ನನ್ನನ್ನು ಹೀಗೆ ಅಳಿಸಿರಲಿಲ್ಲ. ಕೈಗವಸಿನಿಂದ ಕಣ್ಣೊರೆಸಿಕೊಂಡರೆ ಅದರಲ್ಲಿದ್ದ ಮಣ್ಣೆಲ್ಲ ಮುಖಕ್ಕೆ ಹತ್ತಿತು.

ಅತ್ತೆ ಚೀಲದಿಂದ ಕ್ಲಬ್ಬು ಆರಿಸಿಕೊಂಡು ಮರಳುಗುಂಡಿಯ ಅಂಚಿಗೆ ಹೋದರು. ಅಂಚು ಕಡಿದಾಗಿತ್ತು, ಮರಳು ಜಾರುತ್ತಿತ್ತು. ನನ್ನ ಕಾಲು ತಾನಾಗಿ ಮುಂದಕ್ಕೆ ಹೋಯಿತು, ಕೈ ಚಾಚಿಕೊಂಡಿತು. ನಾನಿದ್ದೀನಲ್ಲ ಎನ್ನುವ ಮಾತು ಗಂಟಲಿಗೆ ಬಂದಿತ್ತು. ಅಲ್ಲೇ ನುಂಗಿಕೊಂಡು ನಿಂತೆ. ಅತ್ತೆ ಒಂದು ಕಾಲು ಇಟ್ಟರು, ಇನ್ನೊಂದು ಕಾಲು ಹುಡುಕಿದರು, ಸ್ವಲ್ಪ ವಾಲಿದರು, ಸಾವರಿಸಿಕೊಂಡು ಕೆಳಗಿಳಿದರು.

"ಬಾವುಟದ ಹತ್ರ ಹೋಗಿ ನಿಂತ್ಕೋ" ಎಂದು ಒಳಗಿನಿಂದ ಕೂಗಿದರು. ಅಲ್ಲಿಂದ ನೋಡಿದರೆ ಅವರ ಟೋಪಿ ಮಾತ್ರ ಕಾಣುತ್ತಿತ್ತು. "ಇದಾದ ಮೇಲೆ ನಿನ್ನ ಸರದಿ. ರೆಡಿಯಾಗಿರು."